ಸಿಹಿಮೂಲೆಯ ಮಣ್ಣು

ಜೆಸಿಬಿ ಓಡಿಸುವ ಹೆಂಗಸಿಗೆ ಬಾಯಿ ಜೋರು ಎಂದು ನಮ್ಮೂರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಇಂಜಿನ್ನಿನ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ? ನನ್ನ ಹೆಸರು ಜಲಜಾಕ್ಷಿ. ಬಾವಿಯಾಗಲಿ, ಚರಂಡಿಯಾಗಲಿ, ಮನೆಯ ಪಾಯವಾಗಲಿ, ಏನು ತೋಡಬೇಕಿದ್ದರೂ ಈ ಊರಲ್ಲಿ ಮೊದಲು ತಟ್ಟುವುದು ನನ್ನ ಬಾಗಿಲನ್ನೇ. ಯಂತ್ರ ಯಾರ ಹತ್ತಿರ ಬೇಕಾದರೂ ಇರಬಹುದು, ನನ್ನಂಥ ಅಂಗಾಲು ಇನ್ನೊಬ್ಬರಿಗಿಲ್ಲ. ಇದು ಜಂಬದ ಮಾತಲ್ಲ. ಜಂಬ ಅಂದುಕೊಂಡರೂ ನನಗೇನೂ ಬೇಜಾರಿಲ್ಲ.

ನಮ್ಮೂರಲ್ಲಿ ಮಣ್ಣಿನ ರುಚಿ ಅಂಗಾಲಿಗೆ ತಿಳಿಯುತ್ತದೆ. ಬರಿಗಾಲಲ್ಲಿ ನೆಲ ಮೆಟ್ಟಿದರೆ ಸಾಕು, ಆ ನೆಲದಲ್ಲಿರುವುದು ನಾಲಿಗೆಗೆ ಬರುತ್ತದೆ. ಮೀನು ಮಾರುವ ಬೀದಿ ಉಪ್ಪುಪ್ಪು, ಬಟ್ಟೆ ಒಗೆಯುವ ಕಟ್ಟೆಯ ಸುತ್ತ ಸೋಪಿನ ಚೊಗರು, ಗ್ಯಾರೇಜಿನ ಮುಂದೆ ಹೋದರೆ ಬಾಯೆಲ್ಲ ಸೀಮೆಎಣ್ಣೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಕೈ ಹಾಕುವ ಮೊದಲು ಹಿತ್ತಲಲ್ಲಿ ಬರಿಗಾಲಲ್ಲಿ ಒಂದು ಸುತ್ತು ಹಾಕಿ ಬರುತ್ತಾರೆ. ಗಂಡನ ಮೇಲೆ ಸಿಟ್ಟಿದ್ದರೆ ಹೆಂಡತಿ ಹೊಸಿಲ ಮುಂದೆ ಬೇವಿನ ಕಷಾಯ ಚೆಲ್ಲುತ್ತಾಳೆ. ಅವನು ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟವನೇ ಮುಖ ಹಿಂಡಿಕೊಂಡು, ಮತ್ತೆ ಚಪ್ಪಲಿ ಮೆಟ್ಟಿ, ಸುಮ್ಮನೆ ಹೋಟೆಲಿನ ದಾರಿ ಹಿಡಿಯುತ್ತಾನೆ. ಹಿಮ್ಮಡಿ ಒಡೆದರೆ ರುಚಿ ಮಂಕಾಗುತ್ತದೆಂದು ಪೈಲ್ವಾನರಂಥ ಗಂಡಸರೂ ಹರಳೆಣ್ಣೆ ತಿಕ್ಕಿಕೊಳ್ಳುತ್ತಾರೆ. ಮನೆ ಕಟ್ಟುವವರು ಮೊದಲು ನನ್ನನ್ನು ಕರೆದು ಸೈಟು ಮೆಟ್ಟಿಸುತ್ತಾರೆ. ಇಲ್ಲಿ ಹಳೇ ತಿಪ್ಪೆ ಇತ್ತು, ಅಲ್ಲಿ ಯಾರೋ ಸುಣ್ಣದ ಗುಂಡಿ ಮುಚ್ಚಿದ್ದಾರೆ ಎಂದು ನಾನು ಹೇಳಿದರೆ ಅದೇ ಕೊನೆಯ ಮಾತು.

ಊರಿನ ಪೂರ್ವಕ್ಕೆ ಒಂದು ಬ್ಯಾಟರಿ ಕಾರ್ಖಾನೆ ಇತ್ತು. ನಡೆಯುತ್ತಿದ್ದಾಗ ಊರಿನ ಅರ್ಧಕ್ಕರ್ಧ ಮನೆಗಳಿಗೆ ಅನ್ನ ಹಾಕಿತು, ಇಲ್ಲ ಅನ್ನುವುದಿಲ್ಲ. ಒಂದು ದಿನ ಮಾಲೀಕರು ಗೇಟಿಗೆ ಬೀಗ ಜಡಿದು ಹೋದವರು ತಿರುಗಿಯೂ ನೋಡಲಿಲ್ಲ. ಒಳಗೆಲ್ಲ ಜಾಲಿ ಬೆಳೆಯಿತು. ಆಸಿಡ್ ಸುರಿದ ಅಂಗಳ ಎಷ್ಟು ಹುಳಿಯೆಂದರೆ ಮೆಟ್ಟಿದವರಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ನಾಯಿಗಳು ಕೂಡ ನೆಲಕ್ಕೆ ಕಾಲಿಡದೆ ಕಾಂಪೌಂಡಿನ ಗೋಡೆ ಮೇಲೆ ಓಡಾಡುತ್ತಿದ್ದವು. ಪಕ್ಕದ ಓಣಿಯವರು ಮನೆಯಿಂದ ಮನೆಗೆ ಹಲಗೆ ಹಾಸಿಕೊಂಡು ಅದರ ಮೇಲೇ ಬದುಕು ಮಾಡಿದರು. ಮದುವೆ ದಿಬ್ಬಣವೂ ಹಲಗೆಯ ಮೇಲೆ ಒಬ್ಬರ ಹಿಂದೊಬ್ಬರು ಸಾಲಾಗಿಯೇ ಹೋಗಬೇಕು, ಓಲಗದವರು ಸಮೇತ.

ಅಂಥ ಜಾಗದಲ್ಲಿ ಒಂದೇ ಒಂದು ಮೂಲೆ ಮಾತ್ರ ಸಿಹಿ. ಹಿಂಬದಿಯ ಗೋಡೆಯ ಹತ್ತಿರ, ನೆಲ ಸ್ವಲ್ಪ ತಗ್ಗಾದ ಕಡೆ. ಅಲ್ಲಿ ಕಾಲಿಟ್ಟರೆ ಎಳನೀರು ಗಂಜಿ ತಿಂದ ಹಾಗೆ ತಣ್ಣಗೆ, ತೆಳ್ಳಗೆ ಸಿಹಿಯಾಗುತ್ತಿತ್ತು. ಸುತ್ತಲಿನ ಹುಳಿ, ಕಹಿ ಸಹಿಸಿ ಸಹಿಸಿ ಸಾಕಾದ ಓಣಿಯ ಹೆಂಗಸರಿಗೆ ಅದು ದೇವರೇ ಕಾಪಾಡಿ ಉಳಿಸಿಕೊಟ್ಟ ಜಾಗವಾಯಿತು. ಗೋಡೆಯಲ್ಲಿ ಒಂದು ಕಿಂಡಿ ಮಾಡಿಕೊಂಡರು. ಏಳನೇ ತಿಂಗಳ ಬಸುರಿಗೆ ಹಸಿರು ಬಳೆ ತೊಡಿಸಿ, ಮೊಗ್ಗಿನ ಜಡೆ ಹೆಣೆದು, ಆ ಕಿಂಡಿಯಿಂದ ನುಗ್ಗಿಸಿ ಬರಿಗಾಲಲ್ಲಿ ಸುತ್ತು ಹಾಕಿಸುವುದು ಶಾಸ್ತ್ರವೇ ಆಯಿತು. ಅದಕ್ಕೆ ಸಿಹಿ ಮೆಟ್ಟಿಸುವುದು ಎಂದು ಹೆಸರು. ಆ ದಿನದ ನಂತರ ಹೆರಿಗೆಯವರೆಗೂ ಬಸುರಿ ದಿನಾ ಸಾಯಂಕಾಲ ಅಲ್ಲಿ ಹೋಗಿ ಕಾಲು ಚಾಚಿ ಕೂರುತ್ತಿದ್ದಳು. ಉಳಿದವರು ಸೊಪ್ಪು ಬಿಡಿಸುತ್ತ, ಅತ್ತೆಯರನ್ನು ಬಯ್ಯುತ್ತ ಜೊತೆಗಿರುತ್ತಿದ್ದರು. ನಾನೂ ಅಲ್ಲಿ ಕೂತು ನಮ್ಮತ್ತೆಯನ್ನು ಬೇಕಾದಷ್ಟು ಬಯ್ದಿದ್ದೇನೆ.

ಕೋರ್ಟು ಕಚೇರಿ ಎಲ್ಲ ಮುಗಿದು ಕಡೆಗೂ ಕಾರ್ಖಾನೆಯ ಜಾಗ ಪುರಸಭೆಯ ಕೈಗೆ ಬಂತು. ಮಣ್ಣು ಶುದ್ಧ ಮಾಡಿ, ಹಳೇ ಕಾರ್ಮಿಕರ ಕುಟುಂಬಗಳಿಗೆ ಮನೆ ಕಟ್ಟಲು ಹಂಚಬೇಕೆಂದು ತೀರ್ಮಾನವಾಯಿತು. ಅಗೆಯುವ ಕೆಲಸ ನನಗೆ. ಅಳೆಯುವ ಕೆಲಸಕ್ಕೆ ಹೊರಗಿನಿಂದ ಒಬ್ಬ ಇಂಜಿನಿಯರ್ ಬಂದ, ಸ್ಟ್ಯಾನಿ ಅಂತ, ಕರಾವಳಿ ಕಡೆಯವನು. ಹೊರಗಿನವನಾದ್ದರಿಂದ ಪಾಪ ಅವನ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಅದರ ಬದಲು ಪಿಸ್ತೂಲಿನಂಥ ಒಂದು ಯಂತ್ರ ಇತ್ತು. ಅದರ ಮೂತಿಯನ್ನು ಮಣ್ಣಿಗೆ ಒತ್ತಿ ಹಿಡಿದರೆ ಸೀಸ ಎಷ್ಟು, ತವರ ಎಷ್ಟು ಎಂದು ಪರದೆ ಮೇಲೆ ತೋರಿಸುತ್ತಿತ್ತು. ಮೊದಲ ದಿನ ನಾನು ಮೆಟ್ಟಿ ಹೇಳುವುದು, ಅವನು ಒತ್ತಿ ನೋಡುವುದು, ಹೀಗೆ ಪಂದ್ಯವೇ ನಡೆಯಿತು. ಆಸಿಡ್ ಎಲ್ಲಿಯವರೆಗೆ ಹರಿದಿದೆ ಎಂದು ನಾನು ಗೆರೆ ಎಳೆದು ತೋರಿಸಿದೆ. ಅವನು ಮಣ್ಣನ್ನು ನೀರಲ್ಲಿ ಕಲಸಿ ಯಾವುದೋ ಕಾಗದ ಅದ್ದಿ ನೋಡಿದ. ಗೆರೆ ಒಂದು ಗೇಣೂ ಆಚೀಚೆ ಇರಲಿಲ್ಲ. "ಎಂಥ ಕಾಲು ಮಾರಾಯ್ರೆ ನಿಮ್ಮದು!" ಎಂದು ಬಾಯಿ ಬಿಟ್ಟ. ಅವತ್ತಿನಿಂದ ನನಗೆ ಆ ಹುಡುಗನ ಮೇಲೆ ಪ್ರೀತಿ.

ಕೆಲಸ ಜೋರಾಗಿ ಸಾಗಿತು. ಜಾಲಿ ಕಿತ್ತೆವು. ಕೆಟ್ಟ ಮಣ್ಣನ್ನು ಕೆರೆದು ದೊಡ್ಡ ತೊಟ್ಟಿಗಳಿಗೆ ಹಾಕಿ, ಔಷಧಿ ಬೆರೆಸಿದ ನೀರಿನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆದೆವು. ತಳಕ್ಕೆ ನಿಂತ ರಾಡಿಯನ್ನು ಡ್ರಮ್ಮಿಗೆ ತುಂಬಿ, ಬಾಯಿ ಬಿಗಿದು, ದೂರದಲ್ಲಿ ಇಂಥದ್ದಕ್ಕೆಂದೇ ಕಟ್ಟಿದ ಗುಂಡಿಗೆ ಲಾರಿಯಲ್ಲಿ ಕಳಿಸಿದೆವು. ತೊಳೆದ ಮಣ್ಣಿಗೆ ಸುಣ್ಣ, ಕೆರೆ ಗೋಡು, ಗೊಬ್ಬರ ಬೆರೆಸಿ ಮತ್ತೆ ಹರಡಿದೆವು. ಹಲಗೆ ಮೇಲೆ ಹುಟ್ಟಿ ಬೆಳೆದ ಮಕ್ಕಳು ಆಸಿಡ್ ಅಂಗಳದಲ್ಲಿ ಬರಿಗಾಲಲ್ಲಿ ಕುಂಟೆಬಿಲ್ಲೆ ಆಡಿದ ದಿನ ನಾನು ಜೆಸಿಬಿ ಹಾರ್ನ್ ಬಾರಿಸಿ ಬಾರಿಸಿ ಬ್ಯಾಟರಿ ಇಳಿಸಿಬಿಟ್ಟೆ. ಆ ಮಟ್ಟಿಗೆ ಖುಷಿಯಾಗಿತ್ತು ನನಗೆ.

ಒಂದೇ ಒಂದು ಷರತ್ತಿತ್ತು. ಸಿಹಿಮೂಲೆ ಮುಟ್ಟಕೂಡದು. ಓಣಿಯ ಹೆಂಗಸರೆಲ್ಲ ಪುರಸಭೆಗೆ ಹೋಗಿ ಕೂತು ಆ ಮಾತು ಪಡೆದುಕೊಂಡು ಬಂದಿದ್ದರು. ಅವರ ಮುಂದಾಳು ಯಾರು ಅಂದುಕೊಂಡಿರಿ? ನನ್ನ ಬೀಗಿತ್ತಿ ಹನುಮಕ್ಕ, ನನ್ನ ಸೊಸೆ ಕಸ್ತೂರಿಯ ತಾಯಿ. ನನ್ನ ಬಾಯಿಗೆ ಸರಿಸಮನಾದ ಬಾಯಿ ಈ ಊರಲ್ಲಿ ಅದೊಂದೇ. ನಾವಿಬ್ಬರೂ ಮಾತಿಗೆ ನಿಂತರೆ ನನ್ನ ಮಗ ಮೆಲ್ಲಗೆ ಲಾರಿ ಹತ್ತಿಕೊಂಡು ಹೊರಟುಬಿಡುತ್ತಾನೆ.

ಒಂದು ಮಂಗಳವಾರ ಸ್ಟ್ಯಾನಿ ನನ್ನ ಜೆಸಿಬಿ ಹತ್ತಿರ ಬಂದ. ಮುಖ ಬಾಡಿ ಇಷ್ಟೇ ಇಷ್ಟಾಗಿತ್ತು. ಸುಮ್ಮನೆ ಕುತೂಹಲಕ್ಕೆ ಸಿಹಿಮೂಲೆಯಲ್ಲಿ ಯಂತ್ರ ಒತ್ತಿ ನೋಡಿದನಂತೆ.

"ಅಕ್ಕಾ, ಇಡೀ ಕಾರ್ಖಾನೆಯಲ್ಲಿ ಅಷ್ಟು ಸೀಸ ಎಲ್ಲಿಯೂ ಸಿಗಲಿಲ್ಲ. ಆ ಮೂಲೆಯಷ್ಟು ಕೆಟ್ಟದ್ದು ಮತ್ತೊಂದು ಇಲ್ಲ."

ನನಗೆ ನಗು ಬಂತು. "ನಿನ್ನ ಪಿಸ್ತೂಲು ರಿಪೇರಿಗೆ ಬಂದಿದೆ ಕಣಪ್ಪ. ಅದು ಸಿಹಿ ನೆಲ."

"ಸೀಸ ಸಿಹಿಯೇ ಅಲ್ವಾ ಅಕ್ಕಾ."

"ಏನಂದೆ?"

"ಸೀಸದ ಲವಣ ಸಿಹಿ ಇರ್ತದೆ. ಪುಸ್ತಕದಲ್ಲಿ ಓದಿದ್ದು ನಾನು. ನೀವು ಕಾಲಲ್ಲಿ ಓದಿದ್ದೀರಿ, ಅಷ್ಟೇ. ಬಸುರಿಯರು ದಿನಾ ಅಲ್ಲಿ ಬರಿಗಾಲಲ್ಲಿ ಕೂತುಕೊಳ್ಳುದಂತೆ, ಹೌದಾ? ಅದು ಹೊಟ್ಟೆಯ ಮಗುವಿಗೆ ಹೋಗ್ತದೆ."

ಇಂಜಿನ್ ಆಫ್ ಮಾಡಿದೆ. ಹೋದ ವರ್ಷ ಕಸ್ತೂರಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಅದೊಂದು ಗಂಡುಮಗು, ಒಳ್ಳೇ ಗುಂಡುಗುಂಡಾಗಿತ್ತು. ನಮ್ಮ ಮನೆಯಲ್ಲಿ ಅವತ್ತಿನಿಂದ ಯಾರೂ ತೊಟ್ಟಿಲ ಮಾತೆತ್ತಿಲ್ಲ. ಈಗ ಮತ್ತೆ ಏಳನೇ ತಿಂಗಳು. ಈ ಸಲ ಮೊದಲಿನಿಂದಲೂ ಡಾಕ್ಟರು ಮಲಗಿರಬೇಕೆಂದು ಹೇಳಿದ್ದರಿಂದ ಅವಳು ಸಿಹಿಮೂಲೆಯ ಕಡೆ ಸುಳಿದಿರಲಿಲ್ಲ. ಈಗಷ್ಟೇ ಎದ್ದು ಓಡಾಡಬಹುದು ಎಂದಿದ್ದರು. ಬರುವ ಶುಕ್ರವಾರ ಸಿಹಿ ಮೆಟ್ಟಿಸಬೇಕೆಂದು ಹನುಮಕ್ಕ ಬಳೆಗಾರನಿಗೂ ಹೇಳಿಯಾಗಿತ್ತು. ಆ ಶುಕ್ರವಾರದಿಂದ ಹೆರಿಗೆಯವರೆಗೂ ದಿನಾ ನನ್ನ ಸೊಸೆ ಆ ಮಣ್ಣಿನಲ್ಲಿ ಕಾಲು ಚಾಚಿ ಕೂರುವವಳು.

ಇಷ್ಟಾದರೂ ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ ನೋಡಿ. ವಿಷವೆಂದ ಮೇಲೆ ಕಹಿಯೇ ಇರಬೇಕು ಎನ್ನುವುದು ನಮ್ಮೂರಿನವರ ರಕ್ತದಲ್ಲೇ ಇದೆ. ಹಾವಿನ ಹುತ್ತದ ಸುತ್ತ ಕಹಿ, ಹಾಳು ಬಾವಿಯ ಸುತ್ತ ಕಹಿ. ಕಾಲನ್ನು ನಂಬಿ ಬದುಕಿದವರು ನಾವು. ಕಾಲು ಒಳ್ಳೆಯದು ಎಂದದ್ದನ್ನು ಒಂದು ಪಿಸ್ತೂಲು ಕೆಟ್ಟದು ಎಂದರೆ ಹೇಗೆ ಒಪ್ಪುವುದು?

"ಸರಿ, ಅಲ್ಲಿಗೆ ಸೀಸ ಎಲ್ಲಿಂದ ಬಂತು ಹೇಳು," ಎಂದೆ.

ಅವನು ಕೈ ತೋರಿಸಿದ. ಹಿಂದಿನ ವಾರ ಜಾಲಿ ಕಿತ್ತ ಕಡೆ ಚಪ್ಪಡಿ ಮುಚ್ಚಿದ ಒಂದು ಹಳೇ ಚರಂಡಿ ಹೊರಬಿದ್ದಿತ್ತು. ಅದು ಸಿಹಿಮೂಲೆಯಲ್ಲಿ ಕೊನೆಯಾಗುತ್ತಿತ್ತು. ಶುರುವಾಗುತ್ತಿದ್ದದ್ದು ಪ್ಲೇಟ್ ರೂಮಿನ ಬಾಗಿಲಲ್ಲಿ.

ಪ್ಲೇಟ್ ರೂಮಿನ ಬಗ್ಗೆ ಊರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬ್ಯಾಟರಿಗೆ ಹಾಕುವ ಸೀಸದ ಪ್ಲೇಟುಗಳನ್ನು ಉಜ್ಜಿ ನಯ ಮಾಡುತ್ತಿದ್ದ ಕೋಣೆ ಅದು. ಅಲ್ಲಿನ ಧೂಳು ಕುಡಿದವರಿಗೆ ಮಣಿಕಟ್ಟು ಬಿದ್ದುಹೋಗುತ್ತಿತ್ತು. ಹನುಮಕ್ಕನ ಗಂಡ, ನನ್ನ ಬೀಗರು ಮರಿಯಪ್ಪನವರು, ಅಲ್ಲೇ ದುಡಿದವರು. ಅವರ ಎರಡು ಕೈಯೂ ಮಣಿಕಟ್ಟಿನಿಂದ ಕೆಳಗೆ ಬಾಡಿದ ಎಲೆಯ ಹಾಗೆ ಜೋತಾಡುತ್ತವೆ. ಲೋಟ ಹಿಡಿಯಲಾಗುವುದಿಲ್ಲ. ದಿನಾ ಮೂರು ಹೊತ್ತೂ ಹನುಮಕ್ಕನೇ ಕಲಸಿ ಬಾಯಿಗಿಡುತ್ತಾಳೆ. ಸೀಸವೇ ಕಾರಣ ಎಂದು ಡಾಕ್ಟರು ಆಗಲೇ ಹೇಳಿದ್ದರು. ಆದರೆ ಆ ಕೋಣೆಯ ನೆಲದ ರುಚಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೆಲಸಗಾರರು ಗಮ್‌ಬೂಟು ಹಾಕದೆ ಒಳಗೆ ಹೋಗುವ ಹಾಗಿರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಆ ಬೀಗ ಯಾರೂ ತೆಗೆದಿರಲಿಲ್ಲ. ನಾವೂ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆವು.

ಶುಕ್ರವಾರ ಬೆಳಗ್ಗೆ ಬೇಗ ಹೋಗಿ ಓಣಿಯ ಕಡೆಯಿಂದ ಕಿಂಡಿಗೆ ಅಡ್ಡವಾಗಿ ಜೆಸಿಬಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ನಡುವೆ ಕಸ್ತೂರಿ. ಹಸಿರು ಸೀರೆ, ಮೊಗ್ಗಿನ ಜಡೆ, ಬರಿಗಾಲು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ ನನ್ನ ದೃಷ್ಟಿಯೇ ತಾಗೀತು ಎಂದು ನಾನು ಬೇರೆ ಕಡೆ ನೋಡಿದೆ.

"ಏನ್ ಬೀಗಿತ್ತಿ, ದಾರಿಗೆ ಅಡ್ಡ ನಿಲ್ಸಿದೀಯ?" ಎಂದಳು ಹನುಮಕ್ಕ. "ನಿನ್ನ ಆನೆ ಅತ್ಲಾಗೆ ತೆಗಿ. ಹೊತ್ತು ಮೀರುತ್ತೆ."

"ಇವತ್ತು ಮೆಟ್ಟೋ ಶಾಸ್ತ್ರ ಬೇಡ. ಇಲ್ಲಿ ಸೀಸ ಇದೆ."

"ಸೀಸ ಇರೋದು ಪ್ಲೇಟ್ ರೂಮಲ್ಲಿ. ಇಲ್ಲಿರೋದು ಸಿಹಿ. ಸಿಹಿ ಯಾವ್ದು ವಿಷ ಯಾವ್ದು ಅಂತ ಗೊತ್ತಾಗದಿರೋ ಅಷ್ಟು ಕೆಟ್ಟೋಯ್ತಾ ನಿನ್ನ ಕಾಲು? ಹರಳೆಣ್ಣೆ ಕಳಿಸ್ಲಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ತಡೆದುಕೊಂಡೆ.

"ಸ್ಟ್ಯಾನಿಯ ಮಷೀನು ಹೇಳ್ತಿದೆ ಕಣೇ."

"ಮಷೀನಿಗೆ ನಾಲಿಗೆ ಇದ್ಯಾ? ಆ ಹುಡುಗನಿಗೆ ಉಪ್ಪು ಹುಳಿ ಗೊತ್ತಾಗುತ್ತಾ? ಅವನ ಮಾತು ಕಟ್ಕೊಂಡು ನೀನು ಕುಣೀತಿದೀಯಲ್ಲ."

"ಏನಾದ್ರೂ ಅನ್ಕೋ. ನನ್ನ ಸೊಸೆ ಕಾಲು ಈ ನೆಲಕ್ಕೆ ಸೋಕಕೂಡದು. ಅಷ್ಟೇ."

ಹನುಮಕ್ಕ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟಳು. ಅವಳ ಧ್ವನಿ ಇಳಿಯಿತು. ಅವಳ ಧ್ವನಿ ಇಳಿದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಸೊಸೆ ಆಗಿದ್ದು ಮೊನ್ನೆ ಮೊನ್ನೆ. ನನಗೆ ಮಗಳಾಗಿದ್ದು ಹುಟ್ಟಿದಾಗ್ಲೇ. ಹೋದ್ಸಲ ಆಸ್ಪತ್ರೇಲಿ ಅವಳ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೋಳು ನಾನು. ಈ ಸಲ ಒಂದು ಚೂರೂ ಕಮ್ಮಿ ಆಗಬಾರ್ದು, ಯಾವ ಶಾಸ್ತ್ರಾನೂ ತಪ್ಪಬಾರ್ದು ಅಂತ ನಾನು ಒದ್ದಾಡ್ತಿದ್ರೆ ನೀನು ಅಡ್ಡ ನಿಂತ್ಕೋತೀಯಲ್ಲ ಜಲಜಾ. ನಿನಗೆ ಮೊಮ್ಮಗು ಬೇಡ್ವಾ?"

ಆ ಮಾತು ನನ್ನ ಕರುಳಿಗೇ ಚುಚ್ಚಿತು. ನನಗೆ ಮೊಮ್ಮಗು ಬೇಡವಂತೆ! ಇನ್ನು ತಡೆಯಲಾಗಲಿಲ್ಲ. ಕಸ್ತೂರಿಯ ತೋಳು ಹಿಡಿದು ಕರೆತಂದು, ಮೆಟ್ಟಿಲು ಹತ್ತಿಸಿ, ಜೆಸಿಬಿಯ ಸೀಟಿನ ಮೇಲೆ ಕೂರಿಸಿದೆ. ಪಾಪ, ಆ ಹುಡುಗಿ ಅಮ್ಮನ ಮುಖ ಒಂದ್ಸಲ, ನನ್ನ ಮುಖ ಒಂದ್ಸಲ ನೋಡುತ್ತ ಕೂತಳು.

"ಇಲ್ಲಿಂದ ಇಳೀಬೇಡ," ಎಂದು ಅವಳಿಗೆ ಹೇಳಿ ಹನುಮಕ್ಕನ ಕಡೆ ತಿರುಗಿದೆ. "ಮಷೀನ್ ಮಾತು ಬಿಡು. ನಮ್ಮ ಕಾಲೇ ಹೇಳ್ಲಿ. ಇಕೋ ಈ ಚರಂಡಿ ಮೂಲೇಲಿ ಬಂದು ಬೀಳುತ್ತೆ. ಇದನ್ನ ಹಿಡ್ಕೊಂಡು ಪ್ಲೇಟ್ ರೂಮಿನ ತನಕ ನಡೆಯೋಣ. ನೀನು ಮುಂದೆ, ನಾನು ಹಿಂದೆ. ಅಲ್ಲಿ ಕಹಿ ಸಿಕ್ಕಿದ್ರೆ ಈ ಆನೆ ತಿರುಗಿಸ್ಕೊಂಡು ಹೋಗ್ತೀನಿ. ಕಸ್ತೂರಿ ಕೈ ಹಿಡ್ಕೊಂಡು ನಾನೇ ಮೆಟ್ಟಿಸ್ತೀನಿ."

"ಕಹಿ ಸಿಗದಿದ್ರೆ?"

"ಆಗ ಏನು ಮಾಡ್ಬೇಕು ಅಂತ ನೀನೇ ಹೇಳ್ತೀಯ."

"ನಡಿ ಮತ್ತೆ," ಎಂದು ಸೆರಗು ಸಿಕ್ಕಿಸಿದಳು.

ಬಾಯಲ್ಲಿ ಅಷ್ಟು ಧೈರ್ಯ ಹೇಳಿದೆನಲ್ಲ, ಆ ಕೋಣೆಯೊಳಗೆ ಯಾವ ರುಚಿಯಿದೆಯೋ ನನಗೂ ಗೊತ್ತಿರಲಿಲ್ಲ. ಕಹಿಯಿದ್ದರೆ ನನ್ನ ಮಾತಿಗೆ ನಾನೇ ಸಿಕ್ಕಿಬಿದ್ದು, ನನ್ನ ಕೈಯಾರೆ ಸೊಸೆಯನ್ನು ಸೀಸದ ಮೇಲೆ ನಡೆಸಬೇಕಾಗಿತ್ತು. ಸ್ಟ್ಯಾನಿ ಬಂದು ಬರಿಗಾಲಲ್ಲಿ ಯಾರೂ ಹೋಗಬೇಡಿ ಎಂದು ಬೇಡಿಕೊಂಡ. ಇವತ್ತೊಂದು ಸಲ ನಡೆಯದಿದ್ದರೆ ಇವರು ಸಾಯುವವರೆಗೂ ಆ ಮೂಲೆಯಲ್ಲಿ ನಡೆಯುತ್ತಾರೆ ಕಣೋ ಎಂದೆ. ಬಸುರಿಯರು, ಮಕ್ಕಳು ಯಾರೂ ಬರಕೂಡದು ಎಂದು ನಾನೇ ಗದರಿಸಿ ಹಿಂದೆ ನಿಲ್ಲಿಸಿದೆ.

ಜೆಸಿಬಿಯ ಪಕ್ಕದಿಂದ ಕಿಂಡಿ ನುಗ್ಗಿ, ಚರಂಡಿಯ ಪಕ್ಕದ ಮಣ್ಣು ಹಿಡಿದು ಸಾಲಾಗಿ ಹೊರಟೆವು. ಮೊದಮೊದಲು ಅದೇ ತೆಳ್ಳಗಿನ ಸಿಹಿ. ಹೆಂಗಸರಿಗೆ ಉತ್ಸಾಹ ಬಂತು. ಸ್ವಲ್ಪ ದೂರ ಹೋಗುತ್ತಲೂ ಸಿಹಿ ಹೆಚ್ಚಿತು. "ಅಯ್ಯೋ, ಇಲ್ಲಿ ಇನ್ನೂ ಚೆನ್ನಾಗಿದೆ ಕಣ್ರೇ! ಇಷ್ಟು ವರ್ಷ ಬರೀ ಗಂಜಿ ಕುಡ್ಕೊಂಡಿದ್ವಿ, ಪಾಯಸ ಇಲ್ಲಿತ್ತಲ್ಲ!" ಎಂದು ಒಬ್ಬಳು ಕೂಗಿದಳು. ಇನ್ನೊಬ್ಬಳು ನಿಂತು ಕಾಲು ಉಜ್ಜಿಕೊಂಡಳು. ಹನುಮಕ್ಕ ತಿರುಗಿ ನನ್ನನ್ನು ನೋಡಿ ನಕ್ಕಳು, ಗೆದ್ದೆ ಅನ್ನುವ ಹಾಗೆ. ಇನ್ನಷ್ಟು ದೂರ ಹೋದೆವು. ಈಗ ಬೆಲ್ಲದ ಪಾಕ. ಬಾಯಲ್ಲಿ ನೀರೂರುತ್ತಿತ್ತು, ನಾಲಿಗೆ ಅಂಟಂಟಾಗುತ್ತಿತ್ತು. ಮಾತು ಒಂದೊಂದಾಗಿ ನಿಂತಿತು. ಯಾಕೆಂದರೆ ಎದುರಿಗೆ ಪ್ಲೇಟ್ ರೂಮಿನ ಗೋಡೆ ಕಾಣುತ್ತಿತ್ತು, ಮತ್ತು ಒಂದೊಂದು ಹೆಜ್ಜೆಗೂ ಸಿಹಿ ಏರುತ್ತಲೇ ಇತ್ತು.

ಬಾಗಿಲ ಮುಂದೆ ಮರಿಯಪ್ಪನವರು ನಿಂತಿದ್ದರು. ನಾವು ಬರುವುದನ್ನು ನೋಡಿ ಗೇಟಿನ ಕಡೆಯಿಂದ ಬಂದಿದ್ದರು. ಸುತ್ತಿಗೆ ತಂದು ನಾನೇ ಬೀಗ ಒಡೆದೆ. ಬಾಗಿಲು ಅರ್ಧ ತೆರೆಯಿತು. ಒಳಗೆ ಬೂದಿ ಬಣ್ಣದ ಹುಡಿ ನೆಲದ ತುಂಬ ಹರಡಿತ್ತು. ಸ್ಟ್ಯಾನಿ ಎಲ್ಲರಿಗೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದ. ಸೆರಗನ್ನೇ ಮೂಗಿಗೆ ಒತ್ತಿಕೊಂಡು ಹನುಮಕ್ಕ ಹೊಸಿಲು ದಾಟಿ ಬಲಗಾಲಿಟ್ಟಳು.

ಅವಳ ಮುಖ ನಾನು ಮರೆಯುವುದಿಲ್ಲ. ಮೊದಲು ಕಣ್ಣು ಅಗಲವಾದವು. ಆಮೇಲೆ ತುಟಿ ನಡುಗಿತು. ನಾನೂ ಪಕ್ಕದಲ್ಲಿ ಕಾಲಿಟ್ಟೆ. ಅಪ್ಪಾ, ಎಂಥ ಸಿಹಿ! ಗಂಟಲು ಕಟ್ಟುವಂಥ ಸಿಹಿ. ನಮ್ಮ ಮೂಲೆಯದೇ ರುಚಿ, ಒಂದಿಷ್ಟೂ ಬೇರೆಯಲ್ಲ. ಅದೇ ತಣ್ಣಗಿನ ಸಿಹಿ ಇಲ್ಲಿ ನೂರು ಪಾಲು ಗಟ್ಟಿಯಾಗಿತ್ತು.

ಮರಿಯಪ್ಪನವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಆಯಸ್ಸೆಲ್ಲ ನಿಂತು ದುಡಿದ ನೆಲವನ್ನು ಮೊದಲ ಸಲ ಮೆಟ್ಟಿದರು.

"ಇಷ್ಟು ಸಿಹಿಯಾಗಿತ್ತೇನೇ ಇದು?" ಎಂದು ಹೆಂಡತಿಯನ್ನು ಕೇಳಿದರು. "ನಾನು ಕಹಿ ಇರುತ್ತೆ ಅನ್ಕೊಂಡಿದ್ದೆ ಹನುಮಿ."

ಹನುಮಕ್ಕ ಅವರ ಜೋತುಬಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳಿಗೆ ಅಳು ಒತ್ತರಿಸಿ ಬಂತು. "ನಾನೇ ಕರ್ಕೊಂಡ್ ಬರ್ತಿದ್ದೆ," ಎಂದಳು. "ಹೋದ್ಸಲ. ದಿನಾ ಸಾಯಂಕಾಲ. ಅವಳು ಬೇಜಾರು ಅಂದ್ರೂ ಎಬ್ಬಿಸ್ಕೊಂಡು ಬರ್ತಿದ್ದೆ. ನಾನೇ ಕಣ್ರೀ."

ಹೊರಗೆ ನಿಂತ ಹೆಂಗಸರು ಒಬ್ಬೊಬ್ಬರಾಗಿ ಕೆಳಗೆ ಕೂತರು. ಯಾರು ಯಾರ ಮನೆಯಲ್ಲಿ ಎಂಥೆಂಥ ನೋವಿತ್ತೋ, ಯಾರಿಗೂ ಕೇಳುವ ಧೈರ್ಯವಿರಲಿಲ್ಲ. ಸಿಹಿ ಮೆಟ್ಟಿ ಎಷ್ಟೋ ಮಕ್ಕಳು ಚೆನ್ನಾಗಿಯೇ ಹುಟ್ಟಿದ್ದವು. ಆದರೆ ಹುಟ್ಟದಿದ್ದವಕ್ಕೆ ನಾವು ಹಣೆಬರಹ ಎಂದಿದ್ದೆವು. ನನಗೆ ನಮ್ಮ ಆ ಗುಂಡುಗುಂಡಾದ ಕೂಸು ಕಣ್ಣಮುಂದೆ ಬಂತು. ಜೋರಾಗಿ ಅತ್ತುಬಿಟ್ಟೆ. ನನ್ನ ಅಳು ಕೂಡ ಜೋರೇ, ಏನು ಮಾಡಲಿ.

ಆಮೇಲೆ ಹನುಮಕ್ಕನ ಹೆಗಲು ಹಿಡಿದು ಎಬ್ಬಿಸಿದೆ. "ನೀನೊಬ್ಬಳೇ ಅಲ್ಲ. ನಮ್ಮ ಊರೇ ಕರ್ಕೊಂಡು ಬಂತು. ಗೊತ್ತಿದ್ದು ಕರ್ಕೊಂಡ್ ಬಂದ್ಯಾ? ಮುಖ ತೊಳ್ಕೋ. ಅಲ್ಲಿ ಹುಡುಗಿ ಒಬ್ಬಳೇ ಕೂತಿದಾಳೆ."

ಸ್ಟ್ಯಾನಿ ಅಷ್ಟರಲ್ಲಿ ಟ್ಯಾಂಕರಿನ ಪೈಪು ಎಳೆದುತಂದಿದ್ದ. ಎಲ್ಲರ ಕಾಲಿಗೂ ಸೋಪು ಹಾಕಿ, ಮಂಡಿಯೂರಿ ಕೂತು, ತಾನೇ ಉಜ್ಜಿ ಉಜ್ಜಿ ತೊಳೆದ. ಬಟ್ಟೆಯನ್ನೂ ಮನೆಗೆ ಹೋದ ಕೂಡಲೇ ಬೇರೆಯಾಗಿ ಒಗೆಯಿರಿ ಎಂದ. ಮಷೀನಿಗೆ ನಾಲಿಗೆ ಇದೆಯಾ ಎಂದು ಕೇಳಿದ್ದ ಹನುಮಕ್ಕ ಅವನ ತಲೆ ಸವರಿದಳು. ಆ ಹುಡುಗ ನಾಚಿಕೊಂಡು ಪೈಪಿನ ನೀರು ತನ್ನ ಮೇಲೇ ಹಾರಿಸಿಕೊಂಡ.

ನಾವು ಸುತ್ತು ಬಳಸಿ, ತೊಳೆದ ಮಣ್ಣಿನ ಕಡೆಯಿಂದ ಕಿಂಡಿಯ ಹತ್ತಿರ ಬಂದೆವು. ಕಸ್ತೂರಿ ಸೀಟಿನ ಮೇಲೆ ಹಾಗೇ ಕೂತಿದ್ದಳು. ಜೆಸಿಬಿಯ ಪಕ್ಕ ನನ್ನ ಚಪ್ಪಲಿ ಬಿದ್ದಿತ್ತು. ಹನುಮಕ್ಕ ಅದನ್ನು ಎತ್ತಿಕೊಂಡು, ಮಣ್ಣು ಕೊಡವಿ, ಮೆಟ್ಟಿಲು ಹತ್ತಿ, ಮಗಳ ಕಾಲಿಗೆ ತಾನೇ ತೊಡಿಸಿದಳು. ತಾಯಿ ಮಗಳ ಕಾಲಿಗೆ ಚಪ್ಪಲಿ ತೊಡಿಸುವುದು ನಮ್ಮಲ್ಲಿ ಇಲ್ಲ, ಅದೂ ಬೀಗಿತ್ತಿಯ ಚಪ್ಪಲಿ! ಕಸ್ತೂರಿ ಗಾಬರಿಯಾಗಿ "ಅಮ್ಮಾ, ಏನಾಯ್ತಮ್ಮಾ?" ಎಂದಳು. ಹನುಮಕ್ಕ ನನ್ನ ಕಡೆ ತಿರುಗಿದಳು.

"ಏನು ಮಾಡ್ಬೇಕು ಅಂತ ನಾನೇ ಹೇಳ್ಬೇಕು ಅಂದ್ಯಲ್ಲ. ಅಗಿ ಜಲಜಾ. ಒಂದು ಹಿಡಿ ಬಿಡದ ಹಾಗೆ ಅಗಿ."

ಶಾಸ್ತ್ರ ಬಿಡಲಿಲ್ಲ ಮತ್ತೆ, ನಮ್ಮ ಹೆಂಗಸರನ್ನು ಏನಂದುಕೊಂಡಿರಿ? ನನ್ನ ಮನೆಯ ಜಗುಲಿಯಲ್ಲಿ ಕೂರಿಸಿ ಬಳೆ ತೊಡಿಸಿ, ಒಬ್ಬೊಬ್ಬರೂ ಒಂದೊಂದು ತುಂಡು ಸೆವೆನ್ ಕಪ್ ಬರ್ಫಿ ಬಾಯಿಗಿಟ್ಟರು. ಸಿಹಿ ಬೇಕಾದರೆ ಬಾಯಿಂದಲೇ ಹೋಗಲಿ ಎಂದಳು ಹನುಮಕ್ಕ. ಮಧ್ಯಾಹ್ನದ ಊಟ ಮುಗಿಸಿದವಳೇ ನಾನು ಗಮ್‌ಬೂಟು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಸಿಹಿಮೂಲೆಗೆ ಬಕೆಟ್ಟು ಇಳಿಸಿದೆ.

ಆ ಮೂಲೆ ತುಂಬ ಸತಾಯಿಸಿತು. ಅಗೆದಷ್ಟೂ ಯಂತ್ರ ಇದೆ ಇದೆ ಎನ್ನುತ್ತಿತ್ತು. ನಾನೂ ಬಿಡುವವಳಲ್ಲ. ಚರಂಡಿ ಕಿತ್ತೆ, ಪ್ಲೇಟ್ ರೂಮಿನ ನೆಲ ಕಿತ್ತೆ, ಗೋಡೆ ಒಡೆದೆ. ಕಡೆಗೊಂದು ದಿನ ಯಂತ್ರವೂ ಇನ್ನಿಲ್ಲ ಎಂದಿತು. ಓಣಿಯ ಬಸುರಿಯರನ್ನೆಲ್ಲ ಹನುಮಕ್ಕನೇ ಸಾಲಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಬರಲ್ಲ ಎಂದವರನ್ನು ಬಯ್ದು ಎಳೆದೊಯ್ದಳು. ಅಲ್ಲಿಂದೀಚೆಗೆ ನಮ್ಮೂರಲ್ಲಿ ಕೆಲಸದ ಪದ್ಧತಿಯೇ ಬದಲಾಗಿದೆ. ಯಾವ ನೆಲಕ್ಕಾದರೂ ಮೊದಲು ಸ್ಟ್ಯಾನಿಯ ಪಿಸ್ತೂಲು, ಆಮೇಲೆ ನನ್ನ ಕಾಲು. ಇಬ್ಬರೂ ಹೂಂ ಅಂದರೆ ಮಾತ್ರ ಪಾಯ. ಅವನಿಗೆ ಅದರಿಂದ ಜಂಬ ಬಂದಿದೆ. ಬರಲಿ, ನನ್ನಷ್ಟು ಬರುವುದಿಲ್ಲ.

ಕಸ್ತೂರಿಗೆ ಹೆಣ್ಣುಮಗು ಆಯಿತು. ದಿನ ತುಂಬಿ, ಕೈಕಾಲು ಬಡಿಯುತ್ತ, ಆಸ್ಪತ್ರೆಯ ಆಚೆ ಬೀದಿಗೂ ಕೇಳುವ ಹಾಗೆ ಅಳುತ್ತ ಹುಟ್ಟಿತು. ಯಾರ ಬಾಯಿ ಬಂದಿದೆ ಎಂದು ಹೇಳಬೇಕಾಗಿಲ್ಲ. ಹನುಮಕ್ಕ ಮಾತ್ರ ತನ್ನದೇ ಬಾಯಿ ಅನ್ನುತ್ತಾಳೆ. ಆ ವಿಷಯಕ್ಕೆ ನಮ್ಮಿಬ್ಬರಿಗೂ ಈಗಲೂ ಜಗಳವಿದೆ.

ಕಾರ್ಖಾನೆ ಜಾಗದಲ್ಲಿ ಮನೆಗಳು ಎದ್ದವು. ಹನುಮಕ್ಕನಿಗೂ ಒಂದು ಮನೆ ಬಂತು. ಸಿಹಿಮೂಲೆ ಇದ್ದಲ್ಲಿ ಈಗ ಅವಳ ಮನೆಯ ಅಂಗಳ. ಮೊನ್ನೆ ಭಾನುವಾರ ನಾವೆಲ್ಲ ಊಟಕ್ಕೆ ಹೋಗಿದ್ದೆವು. ಮಗು ಈಗಷ್ಟೇ ಅಂಬೆಗಾಲಿಡುತ್ತಿದೆ. ಕಸ್ತೂರಿ ಅದನ್ನು ಮೊದಲ ಸಲ ಅಂಗಳದ ಮಣ್ಣಿಗೆ ಇಳಿಸಿದಳು. ಮರಿಯಪ್ಪನವರ ಬಾಯಿಗೆ ತುತ್ತಿಡುತ್ತಿದ್ದ ಹನುಮಕ್ಕನ ಕೈ ಅಲ್ಲೇ ನಿಂತಿತು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಮಗು ಅತ್ತಿತ್ತ ನೋಡಿತು, ನೆಲ ಬಡಿಯಿತು, ಒಂದು ಹಿಡಿ ಮಣ್ಣು ಬಾಚಿ ನೇರವಾಗಿ ಬಾಯಿಗೆ ಹಾಕಿಕೊಂಡಿತು.

"ಅಯ್ಯಯ್ಯೋ!" ಎಂದು ಹನುಮಕ್ಕ ಅನ್ನದ ಕೈಯಲ್ಲೇ ಎದ್ದು ಓಡಿದಳು. ಮಗುವಿನ ಬಾಯಿಗೆ ಬೆರಳು ಹಾಕಲು ಬಗ್ಗಿದವಳು ಹಾಗೇ ನಿಂತಳು. ಬರಿಗಾಲಲ್ಲಿದ್ದಳಲ್ಲ, ಅಂಗಾಲಿಗೆ ಸಿಹಿಯ ಸುಳಿವೂ ಸಿಕ್ಕಿರಲಿಕ್ಕಿಲ್ಲ. ಕೆಳಗೆ ನೋಡಿದಳು, ನನ್ನ ಮುಖ ನೋಡಿದಳು. ಗಲ್ಲಕ್ಕೆ ಮಣ್ಣು ಬಳಿದುಕೊಂಡು ಮಗು ಎರಡನೇ ಹಿಡಿಗೆ ಕೈ ಹಾಕಿತ್ತು. ಹನುಮಕ್ಕ ಅದರ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಿಸಿ ಕೂತು, ಎಡಗೈಯಿಂದ ಅದರ ಬೆನ್ನು ಸವರಿದಳು.

"ತಿನ್ಲಿ ಬಿಡು ಬೀಗಿತ್ತಿ," ಎಂದಳು, "ಮಣ್ಣೇ ತಾನೇ."